ಪೂರ್ತಿಯೂ ಮೀಸೆಯ ಬಾತುಕೋಳಿಯೂ

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಪೂರ್ತಿ ಎಂದು. ಹುಟ್ಟಿದಾಗ ಇಟ್ಟ ಹೆಸರು ಬೇರೊಂದಿತ್ತು. ಅದನ್ನು ಯಾರಾದರೂ ಕೂಗಿದರೆ ಅವನೇ ಹಿಂದೆ ತಿರುಗಿ, ಯಾರನ್ನು ಕರೆಯುತ್ತಿದ್ದಾರಪ್ಪ ಎಂದು ನೋಡುತ್ತಿದ್ದ. ಕಸುಬು ಕಂಪ್ಯೂಟರ್ ರಿಪೇರಿ. ಬೀಗದ ಕೈ ಮಾಡುವವನ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಮಹಡಿ ಮೆಟ್ಟಿಲಿನ ಕೆಳಗೆ ಅವನ ಅಂಗಡಿ. ಅದು ಎಷ್ಟು ಕಿರಿದೆಂದರೆ ಗಿರಾಕಿ ಒಳಗೆ ಬಂದರೆ ಪೂರ್ತಿ ಹೊರಗೆ ಹೋಗಬೇಕು. ಗಿರಾಕಿ ಸ್ವಲ್ಪ ದಪ್ಪಗಿದ್ದರೆ ಕಂಪ್ಯೂಟರೂ ಹೊರಗೆ ಹೋಗಬೇಕು.

ಆ ಹೆಸರು ಬಂದದ್ದು ಅವನ ಬಾಯಿಮಾತಿನಿಂದ. ಯಾವ ಗಿರಾಕಿ ಬಂದು ಆಯಿತೇ ಎಂದು ಕೇಳಿದರೂ ತಲೆ ಎತ್ತದೆ ಅವನು ಹೇಳುವುದು ಒಂದೇ: “ಪೂರ್ತಿ ಆಗ್ಲಿ.” ಪರೀಕ್ಷೆಗೆ ಹಚ್ಚಿದ ಯಂತ್ರವನ್ನು ಅರ್ಧಕ್ಕೆ ನಿಲ್ಲಿಸುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಬೀಗದ ಕೈಯವನು ಹೇಳುವ ಪ್ರಕಾರ, ಒಬ್ಬ ಗಿರಾಕಿ ಕಂಪ್ಯೂಟರ್ ಬಿಟ್ಟುಹೋದಾಗ ಬ್ರಹ್ಮಚಾರಿ, ವಾಪಸ್ ಒಯ್ಯಲು ಬಂದಾಗ ಮೊಮ್ಮಗನ ಕೈ ಹಿಡಿದುಕೊಂಡಿದ್ದನಂತೆ. ಬೀಗದ ಕೈಯವನ ಮಾತಿಗೆ ಸ್ವಲ್ಪ ರಿಯಾಯಿತಿ ಕೊಡಬೇಕು, ಮೊಮ್ಮಗನಲ್ಲ, ಮಗನಿದ್ದಿರಬಹುದು. ಅಂಗಡಿಯ ಹೊರಗೂ ಪೂರ್ತಿಯ ವರಸೆ ಬೇರೆಯಾಗಿರಲಿಲ್ಲ. ಸಿನಿಮಾ ಮುಗಿದ ಮೇಲೆ ಹೆಸರುಗಳೆಲ್ಲ ಮೇಲೇರಿ ಹೋಗಿ ಪರದೆ ಖಾಲಿಯಾಗುವ ತನಕ ಕೂತೇ ಇರುತ್ತಿದ್ದ. ಥಿಯೇಟರ್ ಗುಡಿಸುವಾಕೆ ಅವನ ಕಾಲು ಎತ್ತಿಸಿ ಅಡಿಯಲ್ಲಿ ಗುಡಿಸಿಕೊಂಡು ಹೋಗುತ್ತಿದ್ದಳು. ಮಾತ್ರೆ ಡಬ್ಬಿಯೊಳಗಿನ ಮಡಿಕೆ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದದೆ ಅವನು ಮಾತ್ರೆ ನುಂಗಿದ್ದಿಲ್ಲ. ಅಷ್ಟರಲ್ಲಿ ಜ್ವರವೇ ಬೇಸತ್ತು ಎದ್ದುಹೋಗುತ್ತಿತ್ತು.

ಇಂಥವನು ಜೀವಮಾನದಲ್ಲಿ ಒಂದೇ ಒಂದು ಕೆಲಸವನ್ನು ಅರೆಬರೆ ಮಾಡಿದ. ಅದೂ ಒಡಹುಟ್ಟಿದ ಅಕ್ಕನ ಮನೆಯಲ್ಲಿ.

ಅಕ್ಕ ಸ್ವೆಟರ್ ಹೆಣೆಯುತ್ತಿದ್ದಳು. ಮನೆಯ ಮುಂದಿನ ಕೋಣೆಯಲ್ಲಿ ಮಂಚದಷ್ಟು ಉದ್ದದ ಹೆಣಿಗೆ ಯಂತ್ರ, ಅದರ ಪಕ್ಕದಲ್ಲಿ ಒಂದು ಕಂಪ್ಯೂಟರ್, ಗೋಡೆಯ ತುಂಬ ನೂಲಿನ ಉಂಡೆಗಳು. ಚಿತ್ರಗಳನ್ನು ಅವಳೇ ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ಬರೆಯುತ್ತಿದ್ದಳು. ಒಂದು ಚುಕ್ಕಿ ಎಂದರೆ ಸ್ವೆಟರಿನಲ್ಲಿ ಒಂದು ಕುಣಿಕೆ. ಅವಳು ಬರೆದ ಚಿತ್ರವನ್ನು ಕಂಪ್ಯೂಟರ್ ಸಾಲು ಸಾಲಾಗಿ ಯಂತ್ರಕ್ಕೆ ಹೇಳಿಕೊಡುತ್ತಿತ್ತು, ಯಂತ್ರ ಹೆಣೆಯುತ್ತಿತ್ತು. ಅವಳು ಹೆಣೆದ ನಾಯಿಮರಿಯ ಸ್ವೆಟರ್ ಹಾಕಿಕೊಂಡು ಬೀದಿಯಲ್ಲಿ ಹೋದರೆ ನಿಜವಾದ ನಾಯಿಗಳು ನಿಂತು ಮೂಸುತ್ತಿದ್ದವು ಎಂದು ಅವಳ ಗಂಡ ಹೇಳುತ್ತಿದ್ದ. ಆ ಭಾವ ಬಸ್ ಕಂಡಕ್ಟರು. ದಿನವೆಲ್ಲ ಜನರನ್ನು ಮುಂದೆ ಹೋಗಿ, ಮುಂದೆ ಹೋಗಿ ಎಂದು ತಳ್ಳಿ ಬರುವವನು, ಮನೆಯಲ್ಲಿ ಮಾತ್ರ ಎಲ್ಲರಿಗಿಂತ ಹಿಂದೆ ನಿಲ್ಲುತ್ತಿದ್ದ.

ಅದೇ ಮನೆಯಲ್ಲಿ ಅಮ್ಮನೂ ಇದ್ದಳು, ಅಕ್ಕನಿಗೂ ಪೂರ್ತಿಗೂ ತಾಯಿ. ಸ್ವಿಚ್ಚು ಹಾಕಿದಲ್ಲಿ ಕರೆಂಟು ಸೋರುತ್ತದೆ ಎಂಬುದು ಅವಳ ನಂಬಿಕೆ. ಮಧ್ಯಾಹ್ನ ಊಟವಾದ ಮೇಲೆ ಮನೆಯೆಲ್ಲ ಸುತ್ತಿ, ಇದ್ದಬದ್ದ ಸ್ವಿಚ್ಚುಗಳನ್ನೆಲ್ಲ ಆರಿಸಿಯೇ ಅವಳು ಅಡ್ಡಾಗುವುದು. ಏನೂ ಸಿಕ್ಕಿಸಿರದ ಸ್ವಿಚ್ಚನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಅದೇ ಭರದಲ್ಲಿ ಪಕ್ಕದ ಮನೆಗೂ ಹೋಗಿ ಅವರದನ್ನೂ ಆರಿಸಿ ಬಂದಿದ್ದಳು.

ಹೀಗಿದ್ದ ಮನೆಗೆ ಆ ವರ್ಷ ಒಂದು ಕಾಟ ಹತ್ತಿಕೊಂಡಿತು. ಅಕ್ಕ ಬರೆದದ್ದು ಒಂದು, ಯಂತ್ರ ಹೆಣೆಯುವುದು ಇನ್ನೊಂದು. ಬೇಕರಿಯವನ ಮಗಳಿಗೆ ಹೆಣೆದ ಬಾತುಕೋಳಿಗೆ ಕೊಕ್ಕಿನ ಕೆಳಗೆ ಮೀಸೆ ಬಂತು. ಮೊಲಕ್ಕೆ ಹೊಟ್ಟೆಯ ಮೇಲೆ ಕೊಂಬು. ಒಂದು ಹಡಗಿಗೆ ಬಾಲವೂ ಬಂದಿತ್ತು. ಅದನ್ನು ತೊಟ್ಟುಕೊಂಡವರು ಮೀನೆಂದೇ ತಿಳಿದಿದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ. ತಪ್ಪು ಒಂದೇ ಕಡೆ ಬಂದಿದ್ದರೆ ಹಿಡಿಯಬಹುದಿತ್ತು, ಆದರೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಮಾರನೆಯ ದಿನ ಅದೇ ಚಿತ್ರ ತೆರೆದರೆ ಪರದೆಯ ಮೇಲೆ ಎಲ್ಲ ಸರಿಯಾಗಿರುತ್ತಿತ್ತು.

ಅಕ್ಕ ಕಂಪ್ಯೂಟರನ್ನು ಅನುಮಾನಿಸಲಿಲ್ಲ. ತನ್ನನ್ನೇ ಅನುಮಾನಿಸಿದಳು. ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವರು ಈ ಕಣ್ಣಿನಲ್ಲಿ ಆಚೆ ಬೀದಿಯ ಗಡಿಯಾರ ನೋಡಬಹುದು ಎಂದರು. ಹಾಗಾದರೆ ಕೈ ಹೋಗಿದೆ ಎಂದುಕೊಂಡಳು. ಕೈಯೂ ನಡುಗುತ್ತಿರಲಿಲ್ಲ. ಕೊನೆಗೆ, ವಯಸ್ಸಾಯಿತು, ನನ್ನಿಂದ ಇನ್ನು ಆಗದು ಎಂದು ತೀರ್ಮಾನಿಸಿ, ಯಂತ್ರವನ್ನು ನೂಲಂಗಡಿಯಾಕೆಗೆ ಕೊಡುವುದಾಗಿ ಮಾತು ಕೊಟ್ಟುಬಿಟ್ಟಳು. ಸೋಮವಾರ ಆಕೆ ತಳ್ಳುಗಾಡಿ ತರುವವಳಿದ್ದಳು. ಯೌವನದಿಂದ ಕೂತ ಕುರ್ಚಿಯಿಂದ ಅಕ್ಕ ಎದ್ದುಬಿಡುವ ದಿನ ಅದು. ಆಮೇಲೆ ಏನು ಮಾಡುತ್ತೀ ಎಂದು ಭಾವ ಕೇಳಿದ್ದಕ್ಕೆ, ಕಿಟಕಿ ನೋಡುತ್ತಾ ಕೂರುತ್ತೇನೆ ಎಂದಳಂತೆ.

ಈ ಸುದ್ದಿ ಪೂರ್ತಿಯ ಕಿವಿಗೆ ಬಿದ್ದದ್ದು ಶನಿವಾರ ಬೆಳಿಗ್ಗೆ, ಭಾವನ ಬಸ್ಸಿನಲ್ಲಿ. ಅವನು ಇಳಿಯಬೇಕಾದ ಸ್ಟಾಪಿನಲ್ಲಿ ಇಳಿಯದೆ ನೇರ ಅಕ್ಕನ ಮನೆಗೆ ಹೋದ.

ಮೊದಲು ಕೇಬಲ್ಲು ನೋಡಿದ, ಸರಿಯಿತ್ತು. ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಕೆಲಸದ ಹೊತ್ತಿಗೆ ಅದು ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಎರಡು ಮೆಮೊರಿ ಪಟ್ಟಿಗಳನ್ನೂ ತೆಗೆದು, ಅವುಗಳ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಅರ್ಧ ರೋಗ ಅಷ್ಟರಲ್ಲೇ ವಾಸಿಯಾಗುವುದುಂಟು; ಈ ಸಲ ಆಗಲಿಲ್ಲ. ಆಗ ಕೊರಳಿನಿಂದ ಪೆನ್ ಡ್ರೈವ್ ಬಿಚ್ಚಿದ. ಬೇರೆಯವರು ಕೊರಳಲ್ಲಿ ಸರ ಹಾಕಿಕೊಂಡಂತೆ ಪೂರ್ತಿ ಅದನ್ನು ದಾರಕ್ಕೆ ಕಟ್ಟಿ ಹಾಕಿಕೊಂಡಿರುತ್ತಿದ್ದ. ಅದರೊಳಗೆ ಇದ್ದದ್ದು ಒಂದೇ: ಮೆಮೊರಿ ಪರೀಕ್ಷೆ ಮಾಡುವ ಸಾಧನ. ವಿಂಡೋಸ್ ಬೇಡ, ಬೇರೆ ಯಾರ ಹಂಗೂ ಬೇಡ, ಕಂಪ್ಯೂಟರನ್ನು ತಾನೊಂದೇ ಎಬ್ಬಿಸಿಕೊಂಡು ಕೆಲಸಕ್ಕೆ ಇಳಿಯುವಂಥದ್ದು.

ಅದ್ಯಾಕೆ ಒಂಟಿಯಾಗಿ ಬರಬೇಕು ಎಂದು ಅಮ್ಮ ವಿಚಾರಿಸಿದಳು. ಪೂರ್ತಿ ಅವಳಿಗೆ ಮನೆಯ ಲೆಕ್ಕದಲ್ಲೇ ಹೇಳಿದ. ಯಾವ ಹಾಸುಗಲ್ಲು ಟೊಳ್ಳು ಎಂದು ತಟ್ಟಿ ನೋಡಬೇಕಾದರೆ ಮೊದಲು ಜನ, ಮಂಚ, ಬೀರು ಎಲ್ಲ ಹೊರಗೆ ಹೋಗಬೇಕಲ್ಲ? ವಿಂಡೋಸ್ ಎನ್ನುವುದು ಆ ಮಂಚ. ಅದು ಮೆಮೊರಿಯ ಮೇಲೆ ಕಾಲು ಚಾಚಿ ಮಲಗಿದ್ದರೆ ಅದರಡಿ ತಟ್ಟುವುದು ಹೇಗೆ? ಈ ಸಾಧನ ಖಾಲಿ ಮನೆಗೆ ಬಂದು, ಒಂದೊಂದು ಗೂಡಿನಲ್ಲೂ ಒಂದು ವಸ್ತು ಇಟ್ಟು, ಸುತ್ತಿ ಬಂದು, ಇಟ್ಟದ್ದೇ ಇದೆಯೇ ಎಂದು ನೋಡುತ್ತದೆ. ಗೂಡುಗಳು ಎಷ್ಟೆಂದು ಅಮ್ಮ ಕೇಳಿದಳು. ಈ ಮನೆಗೆ ನೆಂಟರು ಬಂದು ಹೋದಷ್ಟು ಎಂದ ಪೂರ್ತಿ.

ಕಂಪ್ಯೂಟರ್ ಮೊದಲ ಸಲ ಪೆನ್ ಡ್ರೈವನ್ನು ಕಣ್ಣೆತ್ತಿಯೂ ನೋಡದೆ ಮಾಮೂಲಿನಂತೆ ಎದ್ದು ಕೂತಿತು. ಪೂರ್ತಿ ಆರಿಸಿ ಹಚ್ಚಿ, ಅದು ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಕೀಲಿಮಣೆಯ ಮೂಲೆಯ ಗುಂಡಿಯನ್ನು ಮರಕುಟಿಗದಂತೆ ಕುಟ್ಟಿ ಸೆಟಪ್ ಪರದೆ ತೆಗೆದ. ಎದ್ದ ಕೂಡಲೇ ಯಾರ ಮಾತು ಮೊದಲು ಕೇಳಬೇಕು ಎನ್ನುವ ಸರದಿ ಅಲ್ಲಿರುತ್ತದೆ. ಈ ಮನೆಯಲ್ಲಿ ಭಾವನಿಗೆ ಇದ್ದ ಜಾಗದಲ್ಲೇ ಆ ಸರದಿಯಲ್ಲಿ ಪೆನ್ ಡ್ರೈವ್ ಇತ್ತು, ಎಂದರೆ ಕಟ್ಟಕಡೆಗೆ. ಪೂರ್ತಿ ಅದನ್ನು ಎಲ್ಲಕ್ಕಿಂತ ಮೇಲೆ ತಂದ. ಗುರುತಿಲ್ಲದವರನ್ನು ಒಳಗೆ ಬಿಡಬಾರದು ಎಂಬ ಕಾವಲೊಂದಿತ್ತು, ಅದನ್ನೂ ಸಡಿಲಿಸಿ, ಉಳಿಸಿ ಹೊರಬಂದ. ಈ ಸಲ ಪರದೆ ನೀಲಿಯಾಗಿ, ಮೇಲೆ ಅಂಕಿಗಳು ಓಡತೊಡಗಿದವು.

“ನೋಡಿದ್ಯೇನೋ,” ಎಂದ ಎರಡು ಟ್ರಿಪ್ಪಿನ ನಡುವೆ ಮನೆಗೆ ಬಂದಿದ್ದ ಭಾವ, “ಕಡೇಲಿದ್ದೋರನ್ನ ಮುಂದಕ್ಕೆ ತಂದ್ರೆ ಕೆಲಸ ಹೇಗೆ ಸಾಗುತ್ತೆ.”

ಅಕ್ಕ ಅವನತ್ತ ಒಮ್ಮೆ ನೋಡಿದಳು. ಭಾವ ಮತ್ತೆ ಕಡೆಗೆ ಹೋಗಿ ನಿಂತ.

ಎಲ್ಲಿ ಎಡವಟ್ಟಾಯಿತೆಂದರೆ ಇಲ್ಲಿ. ಅಕ್ಕನಿಗೆ ಕೊನೆಯದೊಂದು ಸ್ವೆಟರ್ ಬಾಕಿಯಿತ್ತು, ಜಿರಾಫೆಯದು. ಅದನ್ನು ಮಧ್ಯಾಹ್ನದೊಳಗೆ ಹೆಣೆದು ಯಂತ್ರಕ್ಕೆ ಹೊದಿಕೆ ಹಾಕಿಬಿಡಬೇಕೆಂದು ಅವಳು ಪಟ್ಟು ಹಿಡಿದಿದ್ದಳು. ಎಷ್ಟು ಹೊತ್ತಾಗುತ್ತದೆ ಎಂದು ಉಸಿರಿಗೊಮ್ಮೆ ಕೇಳಿದಳು. ಕಣ್ಣಲ್ಲಿ ನೀರು ಬೇರೆ. ಗಿರಾಕಿಯಾಗಿದ್ದರೆ ಪೂರ್ತಿ ತಲೆ ಎತ್ತುತ್ತಿರಲಿಲ್ಲ. ಅಕ್ಕನಾದ್ದರಿಂದ ತಲೆ ಎತ್ತಿದ. ಎತ್ತಿದವನು ಸಾಧನದ ಆಯ್ಕೆಗಳ ಪಟ್ಟಿಗೆ ಹೋಗಿ, ಜನ್ಮದಲ್ಲಿ ಮಾಡದ ಕೆಲಸ ಮಾಡಿದ. ಮೆಮೊರಿಯ ಮೇಲಿನ ಅರ್ಧವನ್ನಷ್ಟೇ ನೋಡು ಎಂದು ಗಡಿ ಹಾಕಿದ. ನಿಧಾನದ ಪರೀಕ್ಷೆಗಳ ಗುರುತು ತೆಗೆದ. ಒಂದೇ ಸುತ್ತು ಸಾಕು ಎಂದ.

ಸಾಧನ ಹೇಳಿದ್ದನ್ನು ಮಾಡಿತು. ಸುತ್ತು ಮುಗಿಸಿ, ದೋಷವಿಲ್ಲ ಎಂದು ಹಸಿರು ಅಕ್ಷರದಲ್ಲಿ ಬರೆಯಿತು.

“ಮೆಮೊರಿ ಸರಿ ಇದೆ ಅಕ್ಕ,” ಎಂದ ಪೂರ್ತಿ. ಒಳ್ಳೆಯ ಸುದ್ದಿ ಹೇಳುವವನ ಮುಖ ಮಾಡಿಕೊಂಡೇ ಹೇಳಿದ.

ಅಕ್ಕ ಆ ಹಸಿರನ್ನು ನೋಡಿದಳು. “ಹಾಗಾದ್ರೆ ತಪ್ಪು ನನ್ನದೇ,” ಎಂದಳು.

ಅವಳು ಕೂತು ಜಿರಾಫೆ ಹೆಣೆದಳು. ಬಹಳ ಜೋಪಾನವಾಗಿ, ಚುಕ್ಕಿಗಳನ್ನು ಬೆರಳಿಟ್ಟು ನೋಡಿ ನೋಡಿ. ಜಿರಾಫೆಗೆ ಕುತ್ತಿಗೆಯ ನಡುವೆ ಇನ್ನೊಂದು ಕಿವಿ ಬಂತು. ಅಕ್ಕ ಒಂದು ಹಳೆಯ ಬೆಡ್‌ಶೀಟು ತಂದು ಯಂತ್ರಕ್ಕೆ ಹೊದಿಸಿ, ಅಂಚುಗಳನ್ನು ಅಡಿಗೆ ಸಿಕ್ಕಿಸಿದಳು, ಮಗುವಿಗೆ ಹೊದಿಸಿದಂತೆ.

ರಾತ್ರಿ ತನ್ನ ಮನೆಯಲ್ಲಿ ಊಟಕ್ಕೆ ಕೂತ ಪೂರ್ತಿ, ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದ. ಅವನ ಹೆಂಡತಿ ಹೆದರಿದಳು. ಮದುವೆಯಾದಂದಿನಿಂದ ಅವನ ತಟ್ಟೆಯನ್ನು ತೊಳೆಯುವ ಅಗತ್ಯವೇ ಬಿದ್ದಿರಲಿಲ್ಲ, ಅಷ್ಟು ಪೂರ್ತಿ ಉಣ್ಣುವವನು. ಮೈ ಮುಟ್ಟಿ ನೋಡಿದಳು, ಬಿಸಿಯಿರಲಿಲ್ಲ. ಕೂರಿಸಿ ಕೇಳಿದಳು. ಅವನು ಎಲ್ಲ ಹೇಳಿದ. ಗಡಿ ಹಾಕಿದ್ದನ್ನೂ, ಒಂದೇ ಸುತ್ತು ಬಿಟ್ಟದ್ದನ್ನೂ.

“ಅಲ್ಲಾ, ಜೆರಾಕ್ಸ್ ಅಂಗಡಿಯವನ ಡಬ್ಬಾ ಕಂಪ್ಯೂಟರಿಗೆ ವಾರಗಟ್ಟಲೆ ಕೂತ್ರಿ,” ಎಂದಳು ಅವಳು. “ಅಕ್ಕಂಗೆ ಅರ್ಧ ಸಾಕಾಯ್ತಾ?”

ಅವನು ತಟ್ಟೆ ಎಳೆದುಕೊಂಡು ಉಳಿದ ಅನ್ನ ಉಂಡು ಮುಗಿಸಿದ. ಹೆಂಡತಿಗೆ ಸಮಾಧಾನವಾಯಿತು.

ಭಾನುವಾರ ಹಾಲಿನವನಿಗಿಂತ ಮೊದಲು ಪೂರ್ತಿ ಅಕ್ಕನ ಬಾಗಿಲಲ್ಲಿದ್ದ. ಅಕ್ಕ ಬೇಡ ಕಣೋ, ಬಿಟ್ಟುಬಿಡು ಎಂದಳು. ಅವನು ಅವಳ ಮುಖ ನೋಡಲೇ ಇಲ್ಲ. ನೋಡಿದರೆ ಮತ್ತೆ ಗಡಿ ಹಾಕಿಬಿಟ್ಟೇನು ಎಂಬ ಹೆದರಿಕೆ. ಸೀದಾ ಹೋಗಿ ಪೆನ್ ಡ್ರೈವ್ ಸಿಕ್ಕಿಸಿ, ಆಯ್ಕೆಗಳ ಪಟ್ಟಿ ತೆರೆದು, ಹಾಕಿದ್ದ ಗಡಿಗಳನ್ನೆಲ್ಲ ಕಿತ್ತ. ಮೊದಲ ಗೂಡಿನಿಂದ ಕೊನೆಯ ಗೂಡಿನವರೆಗೆ. ಎಲ್ಲ ಪರೀಕ್ಷೆಗಳಿಗೂ ಗುರುತು. ಸುತ್ತಿಗೆ ಮಿತಿಯಿಲ್ಲ, ನಿಲ್ಲಿಸು ಎನ್ನುವ ತನಕ ನಡೆಯಲಿ. ಗುಂಡಿ ಒತ್ತಿ ಕೈ ಕಟ್ಟಿ ಕೂತ.

ಬೆಳಗೆಲ್ಲ ಅಂಕಿಗಳು ಓಡಿದವು. ಊಟಕ್ಕೆ ಕರೆದರು, ಹೋದ. ಸಾಧನ ಮೆಮೊರಿಯ ಆ ತುದಿಯಿಂದ ಈ ತುದಿಗೆ ಗೂಡು ತಟ್ಟುತ್ತಾ ಇನ್ನೇನು ಸುತ್ತು ಮುಗಿಸಬೇಕು, ಅಷ್ಟರಲ್ಲಿ ಮುಂದಿನ ಕೋಣೆಯಿಂದ ಟಕ್ ಎಂಬ ಸದ್ದು ಬಂತು. ಪೂರ್ತಿ ತುತ್ತು ಕೈಯಲ್ಲೇ ಹಿಡಿದು ಓಡಿದ. ಪರದೆ ಕಪ್ಪಗಿತ್ತು. ಅಮ್ಮ ಮುಂದಿನ ಸ್ವಿಚ್ಚಿನತ್ತ ನಡೆದಿದ್ದಳು.

“ಅಮ್ಮಾ, ಅದು ನಡೀತಾ ಇತ್ತಲ್ಲಮ್ಮ.”

“ಎಲ್ಲಿಗೆ ನಡೀತಿತ್ತು? ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಇದ್ದಲ್ಲೇ ಇದೆ.”

ಬೇರೆಯವರಾಗಿದ್ದರೆ ಕೂಗಾಡುತ್ತಿದ್ದರು. ಪೂರ್ತಿ ಅಮ್ಮನನ್ನು ಕೂರಿಸಿ, ಸೋಮವಾರ ತಳ್ಳುಗಾಡಿ ಬರುವುದನ್ನೂ, ಅಕ್ಕ ಕಿಟಕಿ ನೋಡುತ್ತಾ ಕೂರುವುದನ್ನೂ, ಇದು ಮುಗಿಯದಿದ್ದರೆ ತಪ್ಪು ಅವಳ ತಲೆಗೇ ಅಂಟಿಕೊಳ್ಳುವುದನ್ನೂ ಬಿಡಿಸಿ ಹೇಳಿದ. ಅಮ್ಮ ಪೂರ್ತಿ ಕೇಳಿದಳು. ಅವಳೂ ಅವನ ತಾಯಿಯೇ ಅಲ್ಲವೇ. ಎದ್ದು, ಒಂದು ಕುರ್ಚಿ ಎಳೆದು ಸ್ವಿಚ್ಚಿನ ಬುಡಕ್ಕೆ ಹಾಕಿಕೊಂಡು, ಕೋಲು ತೊಡೆಯ ಮೇಲಿಟ್ಟು ಕೂತಳು. ಆ ಮನೆ ಕಟ್ಟಿದಂದಿನಿಂದ ಅವಳು ಮಧ್ಯಾಹ್ನ ಮಲಗದ ದಿನ ಅದೊಂದೇ.

ಪೂರ್ತಿ ಪರೀಕ್ಷೆಯನ್ನು ಮತ್ತೆ ಮೊದಲಿಂದ ಹಚ್ಚಿದ. ಆಮೇಲೆ ಆ ಮನೆಯಲ್ಲಿ ನಡೆದದ್ದು ಕರ್ಫ್ಯೂ. ಫ್ಯೂಸ್ ಹೋದೀತು ಎಂದು ಫ್ರಿಜ್ಜಿಗೂ ಬಾಯಿ ಮುಚ್ಚಿಸಲಾಯಿತು. ಭಾವ ಯೂನಿಫಾರ್ಮ್ ಇಸ್ತ್ರಿ ಮಾಡಬೇಕೆಂದು ಬಂದವನು ಅಮ್ಮನ ಕೋಲು ಎದ್ದದ್ದು ಕಂಡು, ಷರಟನ್ನು ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗಿದ. ಒಂದು ನೊಣ ಸ್ವಿಚ್ಚಿನ ಮೇಲೆ ಕೂರಲು ಬಂತು. ಅಮ್ಮ ನೋಡಿದ ನೋಟಕ್ಕೆ ಅದು ತಿರುಗಿ ಹೋದದ್ದು ಮತ್ತೆ ಆ ಬೀದಿಯಲ್ಲೇ ಕಾಣಿಸಲಿಲ್ಲ. ಅಕ್ಕ ಮಾತ್ರ ಒಳಗೆ ನೂಲಿನ ಉಂಡೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು, ಬಣ್ಣ ಬಣ್ಣ ಬೇರೆ ಮಾಡಿ.

ಬಿಸಿಲು ಕಿಟಕಿಯಿಂದ ಇಳಿದು ಗೋಡೆ ಹತ್ತುವ ಹೊತ್ತಿಗೆ, ನೀಲಿ ಪರದೆಯ ನಡುವೆ ಒಂದು ಕೆಂಪು ಗೆರೆ ಎದ್ದಿತು. ಅದರ ಕೆಳಗೆ ಇನ್ನೊಂದು, ಮತ್ತೊಂದು. ಇಟ್ಟದ್ದು ಒಂದು, ಸಿಕ್ಕಿದ್ದು ಇನ್ನೊಂದು. ಅಲ್ಲೇ, ಅದೇ ಆಸುಪಾಸಿನ ಗೂಡುಗಳಲ್ಲಿ, ಮೆಮೊರಿಯ ಕೆಳಗಿನ ಅರ್ಧದಲ್ಲಿ. ಶನಿವಾರ ಅವನು ಗಡಿ ಹಾಕಿ ಆಚೆ ಬಿಟ್ಟ ಅರ್ಧ.

“ಅಕ್ಕಾ, ಬಾ ಇಲ್ಲಿ,” ಎಂದು ಕರೆದ. “ಕೆಟ್ಟಿದೆ.”

ಲೋಕದಲ್ಲಿ ಯಾರೂ ಯಾರಿಗೂ ಕೆಟ್ಟಿದೆ ಎನ್ನುವ ಮಾತನ್ನು ಅಷ್ಟು ಸಂತೋಷದಿಂದ ಹೇಳಿರಲಿಕ್ಕಿಲ್ಲ. ಅಕ್ಕ ಕೈಯಲ್ಲಿ ಹಳದಿ ಉಂಡೆ ಹಿಡಿದೇ ಬಂದಳು. ಪೂರ್ತಿ ಅವಳಿಗೆ ತಿಳಿಸಿದ: ನೀನು ಬರೆದ ಚಿತ್ರ ಡಿಸ್ಕಿನಲ್ಲಿ ಸರಿಯಾಗೇ ಇರುತ್ತದೆ, ಹೆಣೆಯುವ ಹೊತ್ತಿಗೆ ಅದು ಈ ಗೂಡುಗಳಿಗೆ ಬರುತ್ತದೆ, ಚಿತ್ರದ ಯಾವ ತುಂಡು ಈ ಕೆಟ್ಟ ಗೂಡಿಗೆ ಬೀಳುತ್ತದೋ ಅಲ್ಲಿ ಮೀಸೆ ಹುಟ್ಟುತ್ತದೆ. ಪ್ರತಿಸಲ ಬೇರೆ ತುಂಡು ಬೀಳುವುದರಿಂದ ಪ್ರತಿಸಲ ಬೇರೆ ತಪ್ಪು. ಅಕ್ಕ ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡಿದಳು.

“ಇದು ಬಾತುಕೋಳಿ ಮೀಸೆನಾ?”

“ಅದೇ ಅಂತ ಹೇಳೋಕಾಗಲ್ಲ. ಆದ್ರೆ ಅದರ ಅಣ್ಣತಮ್ಮಂದಿರೇ.”

“ನಾನಲ್ಲ?”

“ನೀನಲ್ಲ. ನಿನ್ನೆ ನೀನು ಅಂತ ಅನ್ನಿಸಿದ್ದೂ ನಾನೇ. ಅರ್ಧ ನೋಡಿ ಸರಿ ಇದೆ ಅಂದುಬಿಟ್ಟೆ.”

ಅಕ್ಕ ಅವನ ತಲೆಗೆ ಉಂಡೆಯಿಂದ ಒಂದು ಹೊಡೆದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕೂತಳು, ಕೂತು ಅತ್ತಳು, ಅತ್ತು ಮತ್ತೆ ನಕ್ಕಳು. ಅಮ್ಮ ಏನು ಎತ್ತ ಎಂದು ಕೇಳದೆಯೇ ಜತೆಗೂಡಿ ನಕ್ಕಳು. ಭಾವ ಹಾಸಿಗೆಯಿಂದ ಎದ್ದು ಬಂದು, ಷರಟು ಗರಿಗರಿಯಾಗಿದೆ ನೋಡಿ ಎಂದು ತೋರಿಸಿದ. ಅದನ್ನೂ ಎಲ್ಲರೂ ಹೊಗಳಿದರು. ಅಂದು ಆ ಮನೆಯ ನಗು ಬಸ್ ಸ್ಟಾಪಿನವರೆಗೆ ಕೇಳಿಸಿ, ಯಾರ ಮನೆಯ ಮದುವೆ ಎಂದು ಜನ ವಿಚಾರಿಸಿದರಂತೆ.

ಆದರೂ ಪೂರ್ತಿ ಏಳಲಿಲ್ಲ. ಪೂರ್ತಿ ಆಗಬೇಕಲ್ಲ. ಒಂದು ಪಟ್ಟಿ ತೆಗೆದು ಇನ್ನೊಂದನ್ನು ಮಾತ್ರ ಇಟ್ಟು ನಡೆಸಿದ. ಕೆಂಪು ಸಾಲುಗಳು ಇರುವೆಯಂತೆ ಹೊರಟವು. ಅದನ್ನು ತೆಗೆದು, ಅದೇ ಜಾಗದಲ್ಲಿ ಮೊದಲಿನದನ್ನು ಇಟ್ಟು ನಡೆಸಿದ; ಎಷ್ಟು ಸುತ್ತಿದರೂ ಒಂದೂ ಕೆಂಪಿಲ್ಲ. ಜಾಗದ ದೋಷವಲ್ಲ, ಪಟ್ಟಿಯದೇ ದೋಷ ಎಂದು ಖಾತ್ರಿಯಾಯಿತು. ಒಂದೇ ಪಟ್ಟಿಯಲ್ಲಿ ಕಂಪ್ಯೂಟರ್ ಸ್ವಲ್ಪ ನಿಧಾನವಾಗುತ್ತದೆ ಎಂದ. ನಿಧಾನವಾದರೆ ಆಗಲಿ, ನಿನ್ನಷ್ಟು ಆಗದಿದ್ದರೆ ಸಾಕು ಎಂದಳು ಅಕ್ಕ. ಎಲ್ಲವನ್ನೂ ಕೂರಿಸಿ, ಕಾವಲನ್ನು ಮತ್ತೆ ಹಾಕಿ, ಸೆಟಪ್‌ನ ಸರದಿಯಲ್ಲಿ ಪೆನ್ ಡ್ರೈವನ್ನು ವಾಪಸ್ ಕಡೆಗೆ ಕಳಿಸಿದ. ಭಾವ ಅದನ್ನು ನೋಡಿ ನಿಟ್ಟುಸಿರು ಬಿಟ್ಟ.

ಸೋಮವಾರ ನೂಲಂಗಡಿಯಾಕೆ ತಳ್ಳುಗಾಡಿಯೊಂದಿಗೆ ಬಂದಾಗ ಬೆಡ್‌ಶೀಟು ಒಗೆದು ಹಗ್ಗದ ಮೇಲಿತ್ತು, ಯಂತ್ರ ಕಟಕಟ ಹೆಣೆಯುತ್ತಿತ್ತು, ಜಿರಾಫೆಗೆ ಇರಬೇಕಾದಷ್ಟೇ ಕಿವಿಗಳಿದ್ದವು. ಮಾತು ತಪ್ಪಿದೆ ಎಂದು ಅಕ್ಕ ಆಕೆಯ ಕೈ ಹಿಡಿದುಕೊಂಡಳು. ನೂಲಂಗಡಿಯಾಕೆ ಬೇಸರ ಮಾಡಿಕೊಳ್ಳಲಿಲ್ಲ. ಬಂದದ್ದು ದಂಡವಾಗಬಾರದೆಂದು, ಇನ್ನೆಷ್ಟು ನೂಲು ತಂದುಹಾಕಲಿ ಎಂದು ಕೇಳಿ ಚಹಾ ಕುಡಿದು ಕೂತಳು. ಪೂರ್ತಿಯೂ ಇದ್ದ. ಮೊದಲ ಸ್ವೆಟರ್ ಯಂತ್ರದಿಂದ ಇಳಿಯುವವರೆಗೆ ಅಂಗಡಿ ತೆಗೆಯುವುದಿಲ್ಲ ಎಂದು ಬೀಗದ ಕೈಯವನಿಗೆ ಹೇಳಿಯೇ ಬಂದಿದ್ದ.

ಅಷ್ಟರಲ್ಲಿ ಬೇಕರಿಯವನು ಬಿಸ್ಕತ್ತಿನ ಪೊಟ್ಟಣ ಹಿಡಿದು, ಸಂಕೋಚದಿಂದ ಬಾಗಿಲಲ್ಲಿ ನಿಂತ. ಮಗಳ ಸ್ವೆಟರ್ ಚಿಕ್ಕದಾಗಿದೆ, ಇನ್ನೊಂದು ಬೇಕು ಎಂದ. ತಪ್ಪಾಗಿದ್ದನ್ನು ಈ ಸಲ ಸರಿಮಾಡಿ ಕೊಡುತ್ತೇನೆ ಎಂದು ಅಕ್ಕ ಬಾಯಿ ತೆಗೆಯುವ ಮೊದಲೇ ಅವನು ಗಾಬರಿಯಾದ.

“ಅಯ್ಯೋ, ಮೀಸೆ ಮಾತ್ರ ತೆಗೀಬೇಡಿ. ಮೀಸೆ ಇಲ್ದಿದ್ರೆ ಹಾಕ್ಕೊಳಲ್ಲ ಅಂತ ಕೂತಿದ್ದಾಳೆ. ಅದು ಬಾತುಕೋಳಿ ಅಜ್ಜ ಅಂತೆ.”

ಎಲ್ಲರೂ ಪೂರ್ತಿಯ ಜೇಬು ನೋಡಿದರು. ಕೆಟ್ಟ ಪಟ್ಟಿ ಅಲ್ಲಿತ್ತು. ಒಂದು ದಿನಕ್ಕೆ ವಾಪಸ್ ಹಾಕಿದರಾಯಿತಲ್ಲ ಎಂದು ಭಾವ ಸಲಹೆ ಕೊಟ್ಟ. ಪೂರ್ತಿ ಜೇಬನ್ನು ಕೈಯಿಂದ ಮುಚ್ಚಿಕೊಂಡು, ಕೆಟ್ಟದ್ದೆಂದು ಕಂಡಮೇಲೆ ಒಳಗಿಡುವುದು ನನ್ನಿಂದ ಸಾಧ್ಯವಿಲ್ಲ ಎಂದ. ಅಲ್ಲದೆ ಅದು ಹೋದ ಸಲ ಹಾಕಿದಲ್ಲೇ ಮೀಸೆ ಹಾಕುತ್ತದೆ ಎನ್ನುವ ಭರವಸೆಯೂ ಇಲ್ಲ, ಬಾಲಕ್ಕೆ ಹಾಕಿಬಿಟ್ಟರೆ?

“ಬೇಡ ಬಿಡೋ,” ಎಂದಳು ಅಕ್ಕ. “ಮೀಸೆ ನಾನೇ ಬರೀತೀನಿ. ಇನ್ಮೇಲೆ ಈ ಮನೇಲಿ ತಪ್ಪಾಗೋದಿದ್ರೂ ನನ್ನ ಕೈಯಿಂದಲೇ ಆಗ್ಲಿ.”

ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತಳು. ಚುಕ್ಕಿ ಇಟ್ಟಳು, ಅಳಿಸಿದಳು, ಮತ್ತೆ ಇಟ್ಟಳು. ಕಂಪ್ಯೂಟರ್ ಕೊಟ್ಟಿದ್ದ ಮೀಸೆ ಅಂಕುಡೊಂಕಾಗಿತ್ತು. ಅಕ್ಕ ಕೊಟ್ಟದ್ದು ಎರಡೂ ತುದಿಯಲ್ಲಿ ಮೇಲಕ್ಕೆ ತಿರುವಿದ ಹುರಿಮೀಸೆ. ಬೇಕರಿಯವನು ಅದನ್ನು ನೋಡಿ ತನಗೂ ಒಂದು ಅಂಥದೇ ಸ್ವೆಟರ್ ಹೇಳಿದ. ಮಧ್ಯಾಹ್ನವಾಯಿತು, ಊಟವಾಯಿತು. ಅಮ್ಮ ತನ್ನ ಸುತ್ತು ಹೊರಟಳು. ಅಡುಗೆಮನೆಯದು ಆರಿಸಿದಳು, ನಡುಮನೆಯದು ಆರಿಸಿದಳು, ಮುಂದಿನ ಕೋಣೆಗೆ ಬಂದು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಳು.

“ಆಯ್ತೇನೇ?”

ಅಕ್ಕ ತಲೆ ಎತ್ತಲಿಲ್ಲ. “ಪೂರ್ತಿ ಆಗ್ಲಿ,” ಎಂದಳು.

ಅಮ್ಮ ಬೆರಳು ಹಿಂದಕ್ಕೆ ತೆಗೆದುಕೊಂಡಳು. ಆದರೆ ಆ ಕೋಣೆಯಿಂದ ಬರಿಗೈಯಲ್ಲಿ ಹೋಗಿ ಮಲಗುವುದು ಅವಳಿಗೂ ಹಿಡಿಸಲಿಲ್ಲ. ಕಡೆಯ ಮೂಲೆಯಲ್ಲಿ ನಿದ್ದೆ ಹೋಗಿದ್ದ ಭಾವನ ತಲೆಯ ಮೇಲಿನ ಫ್ಯಾನು ಆರಿಸಿ ಹೋದಳು.